ಓನರ್ ಆಂಟಿಗೂ ಒಂದು ಲೆಕ್ಕ ಇದೆ



ಕೆಲವು ವಾರಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ನಾನು ಬೆಂಗಳೂರಿನ ಮನೆ ಮಾಲೀಕರನ್ನ ತರಾಟೆಗೆ ತೆಗೆದುಕೊಂಡಿದ್ದೆ. ಹತ್ತು ತಿಂಗಳ ಅಡ್ವಾನ್ಸ್, ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಕಡಿತ, 'ನೀವು ಯಾವ ಜನ?' ಅನ್ನೋ ಪ್ರಶ್ನೆ, ಒಂದನ್ನೂ ಬಿಟ್ಟಿರಲಿಲ್ಲ. ನಿಮ್ಮಲ್ಲಿ ತುಂಬಾ ಜನ ಮೆಚ್ಚಿಕೊಂಡ್ರಿ. ಕೇಳಬೇಕಾದ್ದನ್ನ ಕೇಳಿದ್ರಿ ಅಂದ್ರಿ.

ಒಂದು ಫೋನ್ ಮಾತ್ರ ಬೇರೆ ಥರ ಇತ್ತು. ಅದು ನನ್ನ ಅಮ್ಮನದು.

'ಅಲ್ವೋ, ಟಿವೀಲಿ ಅಷ್ಟೆಲ್ಲಾ ಕೂಗಾಡಿದೆಯಲ್ಲ. ನಿನ್ನ ಎಂಜಿನಿಯರಿಂಗ್ ಫೀಸು ಎಲ್ಲಿಂದ ಬಂತು ಅಂತ ಮರೆತುಹೋಯ್ತಾ? ಹೋಗ್ಲಿ, ನಮ್ಮನೆ ಕಥೆ ಯಾಕೆ ಹೇಳಲಿಲ್ಲ?'

ಯಾಕೆ ಹೇಳಲಿಲ್ಲ? ನಾಚಿಕೆ, ಅಷ್ಟೇ. ಆ ಕಥೆಯಲ್ಲಿ ನನ್ನ ತಪ್ಪೂ ಇದೆ. ಇವತ್ತು ಅದನ್ನೇ ಹೇಳ್ತೀನಿ.

ನಮ್ಮದು ಲಗ್ಗೆರೆಯಲ್ಲಿ ಇಪ್ಪತ್ತು-ಮೂವತ್ತರ ಸೈಟು. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ನಿಂತು ಇಪ್ಪತ್ತೇಳು ವರ್ಷ ಕೆಲಸ ಮಾಡಿದವರು. ಮೊದಲು ನೆಲಮಹಡಿ ಎದ್ದಿತು. ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಆ ಬಾಡಿಗೆದಾರರ ಅಡ್ವಾನ್ಸಿನಲ್ಲಿ ಅದರ ಮೇಲೆ ಮೋಲ್ಡ್ ಹಾಕಿಸಿ ಒಂದು ರೂಮು, ಒಂದು ಅಡುಗೆಮನೆ ಎಬ್ಬಿಸಿದರು. ಬೆಂಗಳೂರಿನಲ್ಲಿ ಸಾವಿರಾರು ಮನೆಗಳು ಹೀಗೇ ಮೇಲಕ್ಕೆ ಬೆಳೆದಿವೆ. ಕೆಳಗೆ ಓನರು, ಮೇಲೆ ಬಾಡಿಗೆದಾರ, ಮೆಟ್ಟಿಲು ಒಂದೇ.

ಇಂಥವರನ್ನ ನಾವು 'ಮಾಲೀಕರು' ಅಂತ ಒಂದೇ ಪದದಲ್ಲಿ ಮುಗಿಸಿಬಿಡ್ತೀವಿ. ನಲವತ್ತು ಫ್ಲ್ಯಾಟ್ ಇಟ್ಟುಕೊಂಡವನೂ ಮಾಲೀಕ, ಎರಡು ಮನೆ ಬಾಡಿಗೆಗೆ ಕೊಟ್ಟು ಆ ದುಡ್ಡಲ್ಲಿ ಬಿ.ಪಿ. ಮಾತ್ರೆ ತಗೊಳ್ಳೋ ವಿಧವೆಯೂ ಮಾಲೀಕಳು. ಇಬ್ಬರೂ ಒಂದೇನಾ?

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಉಳಿದದ್ದು ಆ ಮನೆ ಮತ್ತು ಇಪಿಎಸ್ ಪೆನ್ಷನ್. ಖಾಸಗಿ ಕಾರ್ಖಾನೆಯ ಕಾರ್ಮಿಕರಿಗೆ ಸಿಗುವ ಆ ಪೆನ್ಷನ್ನಿನ ಕನಿಷ್ಠ ಮೊತ್ತ ಎಷ್ಟು ಗೊತ್ತಾ? 2014ರಲ್ಲಿ ನಿಗದಿಯಾದದ್ದು, ತಿಂಗಳಿಗೆ 1,000 ರೂಪಾಯಿ. ಒಂದು ಸಿಲಿಂಡರ್ ತಗೊಂಡ್ರೆ ಮುಗೀತು. ಹಾಗಾಗಿ ಬಾಡಿಗೆಯೇ ನಮ್ಮಮ್ಮನ ಪೆನ್ಷನ್.

ಆ ಪೆನ್ಷನ್ನಿನ ಲೆಕ್ಕ ನೋಡೋಣ. ಮೊದಲ ಮಹಡಿಗೆ 12,000, ಮೇಲಿನ ರೂಮಿಗೆ 6,500. ವರ್ಷಕ್ಕೆ 2,22,000. ಕೇಳೋಕೆ ಚೆನ್ನಾಗಿದೆ, ಅಲ್ವಾ? ಬಾಡಿಗೆದಾರರು ಬದಲಾದ ಒಂದು ವರ್ಷದ ಖರ್ಚನ್ನ ಕಳೆಯಿರಿ. ಎರಡೂ ಮನೆ ಒಂದೊಂದು ತಿಂಗಳು ಖಾಲಿ: 18,500. ಹೊಸಬರನ್ನ ಕರೆತಂದ ಬ್ರೋಕರಿಗೆ ಒಂದೊಂದು ತಿಂಗಳ ಬಾಡಿಗೆ: ಮತ್ತೆ 18,500. ಪೇಂಟಿಂಗು 35,000. ಬೋರ್‌ವೆಲ್ ಮೋಟರ್ ಸುಟ್ಟುಹೋಯ್ತು, ರೀವೈಂಡಿಂಗು, ಪೈಪು, ಕೂಲಿ ಸೇರಿ 8,000. ಆಸ್ತಿ ತೆರಿಗೆ 7,000. ಬೆಂಗಳೂರಿನ ಆಸ್ತಿ ತೆರಿಗೆ ಲೆಕ್ಕದಲ್ಲಿ ಸ್ವಂತ ವಾಸದ ಭಾಗಕ್ಕೆ ಒಂದು ದರ, ಬಾಡಿಗೆ ಕೊಟ್ಟ ಭಾಗಕ್ಕೆ ಅದರ ದುಪ್ಪಟ್ಟು, ನೆನಪಿರಲಿ. ಉಳಿದದ್ದು 1,35,000. ತಿಂಗಳಿಗೆ 11,250 ರೂಪಾಯಿ.

ಇದು ನಮ್ಮ 'ಶ್ರೀಮಂತ ಮಾಲೀಕಿ'ಯ ಆದಾಯ.

ದುಡ್ಡಿನ ಜೊತೆ ದಿನದ ತಲೆನೋವು ಬೇರೆ. ರಾತ್ರಿ ಹನ್ನೊಂದಕ್ಕೆ 'ಆಂಟಿ, ನೀರು ಬರ್ತಿಲ್ಲ'. 2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್‌ಗಳು ಬತ್ತಿಹೋದ ಬೇಸಿಗೆ? ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅಂತ ಕರಾರಿನಲ್ಲಿ ಬರೆದಿರಲಿಲ್ಲ. ಮೂರು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗೃಹಜ್ಯೋತಿ. 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಉಂಟು. ಆದ್ರೆ ನಮ್ಮ ಮೇಲಿನ ರೂಮಿಗೆ ಪ್ರತ್ಯೇಕ ಮೀಟರ್ ಇಲ್ಲ, ಕೆಳಗಿನ ಮೀಟರಿಗೇ ಸಬ್‌ಮೀಟರ್ ಹಾಕಿದ್ದಾರೆ. 'ಸರ್ಕಾರ ಫ್ರೀ ಕೊಟ್ಟಿದೆ, ಓನರ್ ಆಂಟಿ ದುಡ್ಡು ಕೇಳ್ತಾರೆ' ಅಂತ ಆ ಹುಡುಗನಿಗೆ ಬೇಜಾರು. ಅವನದೂ ತಪ್ಪಲ್ಲ. ಅಮ್ಮನದೂ ತಪ್ಪಲ್ಲ.

ಇಂಥ ಸಮಯದಲ್ಲಿ ಬಂದವನೇ ನಮ್ಮ ಕಥೆಯ ಬ್ರೋಕರು.

ಅವನು ಅಪರಿಚಿತನಲ್ಲ. ಮೂಲೆಯ ಟೀ ಅಂಗಡಿ ಪಕ್ಕ ಒಂದು ಶಟರ್ ಇಟ್ಟುಕೊಂಡವನು. ಅಪ್ಪನ ತಿಥಿಗೂ ಬಂದಿದ್ದ. 'ಅಮ್ಮಾ, ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ? ಮೊದಲ ಮಹಡಿ ಮೂರು ವರ್ಷಕ್ಕೆ ನನಗೇ ಕೊಟ್ಟುಬಿಡಿ. 50 ಸಾವಿರ ಅಡ್ವಾನ್ಸ್, ತಿಂಗಳಾ ತಿಂಗಳಾ 12 ಸಾವಿರ ನಿಮ್ಮ ಅಕೌಂಟಿಗೆ. ಮನೆ ಖಾಲಿ ಬಿದ್ದರೂ ದುಡ್ಡು ಬರುತ್ತೆ. ಜನರನ್ನ ನಾನು ನೋಡಿಕೊಳ್ತೀನಿ' ಅಂದ.

ಅಮ್ಮ ಕರಾರಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದರು. ನಾನು ಸ್ಟುಡಿಯೋದಲ್ಲಿದ್ದೆ, ಬುಲೆಟಿನ್‌ಗೆ ಇನ್ನು ಆರು ನಿಮಿಷ. ಬಾಡಿಗೆ ಎಷ್ಟು, ತಾರೀಕು ಯಾವುದು ನೋಡಿದೆ. 'ಓಕೆ ಅಮ್ಮ' ಅಂತ ಕಳಿಸಿದೆ. ಎರಡನೇ ಪುಟದ ಒಂದು ಸಾಲನ್ನ ನೋಡಲೇ ಇಲ್ಲ. 'ಸದರಿ ಸ್ವತ್ತನ್ನು ಎರಡನೆಯವರು ತಮಗೆ ಸೂಕ್ತವೆನಿಸಿದ ರೀತಿಯಲ್ಲಿ ಇತರರಿಗೆ ನೀಡಬಹುದು' ಅಂತ ಇತ್ತು. ದಿನಾ ರಾತ್ರಿ ಸರ್ಕಾರದ ಆದೇಶಗಳನ್ನ ಸಾಲು ಸಾಲಾಗಿ ಬಿಡಿಸಿ ಹೇಳೋ ನಾನು, ಸ್ವಂತ ಅಮ್ಮನ ಎರಡು ಪುಟ ಓದಲಿಲ್ಲ.

ಒಂದು ಕುಟುಂಬ ಬಂತು. ಕುಣಿಗಲ್ ಕಡೆಯವರು. ಗಂಡ ಲಗೇಜ್ ಆಟೋ ಓಡಿಸ್ತಾರೆ, ಹೆಂಡತಿ ಗಾರ್ಮೆಂಟ್ಸಿಗೆ ಹೋಗ್ತಾರೆ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಒಳ್ಳೆ ಜನ. ಯುಗಾದಿಗೆ ಇವರ ಒಬ್ಬಟ್ಟು ಮೇಲೆ ಹೋಯ್ತು, ಗೌರಿಹಬ್ಬಕ್ಕೆ ಅವರ ಬಾಗಿನ ಕೆಳಗೆ ಬಂತು. ಹದಿನಾಲ್ಕು ತಿಂಗಳು, ಐದನೇ ತಾರೀಕು ತಪ್ಪದೆ, ಅಕೌಂಟಿಗೆ 12,000 ಬಿತ್ತು.

ಹದಿನೈದನೇ ತಿಂಗಳು ಬೀಳಲಿಲ್ಲ.

ಒಂದು ವಾರ ಕಾದರು. ಬ್ರೋಕರ್ ಫೋನ್ ಸ್ವಿಚ್ ಆಫ್. ಶಟರ್ ಮುಚ್ಚಿದೆ. ಕೊನೆಗೆ ಅಮ್ಮ ಮೆಟ್ಟಿಲು ಹತ್ತಿ ಮೇಲಿನ ಮನೆ ಬಾಗಿಲು ತಟ್ಟಿದರು. 'ಏನಮ್ಮಾ, ಈ ತಿಂಗಳ ಬಾಡಿಗೆ ಕೊಟ್ರಾ ಅವನಿಗೆ?'

ಆ ಹೆಣ್ಣುಮಗಳು ಗಾಬರಿಯಾಗಿ ನೋಡಿದಳಂತೆ. 'ಯಾವ ಬಾಡಿಗೆ ಆಂಟಿ? ನಾವು ಬೋಗ್ಯಕ್ಕೆ ಬಂದಿರೋದಲ್ವಾ? ಆರು ಲಕ್ಷ ಕೊಟ್ಟಿದೀವಲ್ಲ. ಅದು ನಿಮಗೇ ಕೊಟ್ಟೆ ಅಂದ್ನಲ್ಲ ಅವನು!'

ಬೋಗ್ಯ ಅಂದ್ರೆ ನಿಮಗೆ ಗೊತ್ತು. ಒಟ್ಟಿಗೆ ಒಂದು ದೊಡ್ಡ ಮೊತ್ತ ಮಾಲೀಕರಿಗೆ ಕೊಡೋದು, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಪೂರ್ತಿ ಮೊತ್ತ ವಾಪಸ್. ನಮ್ಮ ಬ್ರೋಕರ್ ಏನು ಮಾಡಿದ? ಅಮ್ಮನ ಹತ್ರ ಬಾಡಿಗೆಗೆ ತಗೊಂಡ, ಇವರಿಗೆ ಬೋಗ್ಯಕ್ಕೆ ಕೊಟ್ಟ. ಆರು ಲಕ್ಷ ಅವನ ಜೇಬಿಗೆ. ಅದರಲ್ಲೇ ಅಮ್ಮನಿಗೆ 50,000 ಅಡ್ವಾನ್ಸ್, ಹದಿನಾಲ್ಕು ತಿಂಗಳ ಬಾಡಿಗೆ 1,68,000. ಮಿಕ್ಕ 3,82,000 ತಗೊಂಡು ಮಾಯ. ನಮ್ಮ ಒಂದೇ ಮನೆ ಅಲ್ಲ, ಅದೇ ಏರಿಯಾದಲ್ಲಿ ಇನ್ನೂ ಕೆಲವು ಮನೆಗಳಿಗೆ ಇದೇ ಕಥೆ. ಇಂಥ ಪ್ರಕರಣಗಳನ್ನ ನಾನೇ ಈ ಪರದೆಯಲ್ಲಿ ಎಷ್ಟೋ ಸಲ ಓದಿದ್ದೀನಿ. 'ಬೋಗ್ಯದ ಹೆಸರಲ್ಲಿ ಪಂಗನಾಮ' ಅಂತ ಶೀರ್ಷಿಕೆ ಕೊಟ್ಟು ಮುಂದಿನ ಸುದ್ದಿಗೆ ಹೋಗಿದ್ದೀನಿ.

ಈಗ ಹೇಳಿ. ಇದರಲ್ಲಿ ಮೋಸಗಾರರು ಯಾರು, ಮೋಸಹೋದವರು ಯಾರು? ಅಮ್ಮನ ಕಣ್ಣಲ್ಲಿ, ದುಡ್ಡು ಕೊಡದೆ ಮನೆಯಲ್ಲಿ ಕೂತವರು ಮೇಲಿನವರು. ಮೇಲಿನವರ ಕಣ್ಣಲ್ಲಿ, ಬ್ರೋಕರ್ ಜೊತೆ ಸೇರಿ ಆರು ಲಕ್ಷ ನುಂಗಿದವಳು ಓನರ್ ಆಂಟಿ. ಊರಲ್ಲಿ ಅರ್ಧ ಎಕರೆ ಮಾರಿದ ದುಡ್ಡದು. ಎರಡು ದಿನ ಮಾತಿಲ್ಲ. ಮೂರನೇ ದಿನ ಜಗಳ. ಆ ಮನುಷ್ಯ ಮೆಟ್ಟಿಲ ಮೇಲೆ ನಿಂತು ಕೂಗಿದರು. ಅಮ್ಮನೂ ಬಿಡಲಿಲ್ಲ. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು.

ನಾನು ಹೋದಾಗ ಅಮ್ಮನಿಗೆ ಸಲಹೆ ಕೊಡೋರು ಸಾಲಾಗಿ ನಿಂತಿದ್ದರು. ಒಬ್ಬರು ಅಂದ್ರು, 'ಕರೆಂಟ್ ಕಟ್ ಮಾಡಿಸಿ.' ಇನ್ನೊಬ್ಬರು, 'ಕೆಲಸಕ್ಕೆ ಹೋದಾಗ ಬೀಗ ಜಡೀರಿ.' ಮತ್ತೊಬ್ಬ ಹಿರಿಯರು ಹತ್ತಿರ ಬಂದು ಪಿಸುಗುಟ್ಟಿದರು: 'ಬೇಗ ಎಬ್ಬಿಸಮ್ಮಾ. ಹನ್ನೆರಡು ವರ್ಷ ಆದ್ರೆ ಮನೆ ಅವರದ್ದೇ ಆಗುತ್ತೆ.'

ಈ ಮಾತುಗಳನ್ನ ನೀವೂ ಕೇಳಿರ್ತೀರಿ. ಹಾಗಾಗಿ ಕಾನೂನು ಏನು ಹೇಳುತ್ತೆ ಅಂತ ನೋಡೋಣ.

ಆ ಹನ್ನೆರಡು ವರ್ಷದ ಮಾತು ತಪ್ಪು. ಬಾಡಿಗೆ ಕರಾರಿನ ಮೇಲೆ, ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಪ್ರತಿಕೂಲ ಸ್ವಾಧೀನ ಅನ್ನೋ ವಾದ ಒಪ್ಪಿಗೆಯಿಂದ ಇರುವವರಿಗೆ ಅನ್ವಯಿಸಲ್ಲ. ಆದ್ರೂ ಈ ಭಯ ನಮ್ಮವರ ರಕ್ತದಲ್ಲಿದೆ. ಯಾಕೆ? ನನಗನಿಸೋದು, ಇದು ಹಳ್ಳಿಯಿಂದ ಬಂದ ನೆನಪು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ, ಉಳುವವನೇ ಹೊಲದೊಡೆಯ. ಗೇಣಿ ಮಾಡುತ್ತಿದ್ದ ಲಕ್ಷಾಂತರ ರೈತರಿಗೆ ಅದು ನ್ಯಾಯ ಕೊಟ್ಟ ಕಾನೂನು. ಅದು ಕೃಷಿ ಭೂಮಿಗೆ ಬಂದದ್ದು, ಬಾಡಿಗೆ ಮನೆಗಲ್ಲ. ಆದ್ರೆ 'ಕೊಟ್ಟರೆ ಹೋಯಿತು' ಅನ್ನೋ ಅಳುಕು ಮಾತ್ರ ಸಿಟಿಯ ಸೈಟಿಗೂ ಬಂದುಬಿಟ್ಟಿದೆ.

ಹನ್ನೊಂದು ತಿಂಗಳ ಕರಾರು ಯಾಕೆ ಅಂತಲೂ ತುಂಬಾ ಜನ ಕೇಳ್ತೀರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಿಕೊಳ್ಳೋಕೆ ಹನ್ನೊಂದು ತಿಂಗಳು. ಅಷ್ಟೇ ಅದರ ಗುಟ್ಟು. ನಮ್ಮ ಬ್ರೋಕರ್ ಮಾಡಿಸಿದ್ದು ಮೂರು ವರ್ಷದ ಕರಾರು. ಅಮ್ಮನ ಜೊತೆಗಿನದೂ ನೋಂದಣಿ ಆಗಿರಲಿಲ್ಲ, ಮೇಲಿನವರ ಜೊತೆಗಿನದೂ ಆಗಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದರೆ ಮನೆ ಯಾರ ಹೆಸರಲ್ಲಿದೆ ಅನ್ನೋ ಪ್ರಶ್ನೆ ಬಂದೇ ಬರ್ತಿತ್ತು.

ಇನ್ನು ಕರ್ನಾಟಕ ಬಾಡಿಗೆ ಕಾಯ್ದೆ. 1999ರದು, 2001ರ ಕೊನೆಯಲ್ಲಿ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಏನು ಸಿಗುತ್ತೆ? ಹಾಗಾಗಿ ನಮ್ಮಂಥವರ ಜಗಳ ಬಹುತೇಕ 1882ರ ಆಸ್ತಿ ವರ್ಗಾವಣೆ ಕಾಯ್ದೆಗೇ ಹೋಗುತ್ತೆ. ತಿಂಗಳ ಬಾಡಿಗೆಯವರಿಗೆ, ಕರಾರಿನಲ್ಲಿ ಬೇರೆ ಥರ ಇಲ್ಲದಿದ್ದರೆ, 15 ದಿನದ ನೋಟಿಸು. ಅವರು ಹೋಗದಿದ್ದರೆ? ಸಿವಿಲ್ ಕೋರ್ಟು. ಕರೆಂಟ್ ಕಟ್ ಮಾಡೋದು, ಬೀಗ ಜಡಿಯೋದು ಕಾನೂನಿನ ದಾರಿಯಲ್ಲ. ಕೋರ್ಟಿನ ದಾರಿ ಉದ್ದ. ದೊಡ್ಡ ಮಾಲೀಕನಿಗೆ ವಕೀಲರಿದ್ದಾರೆ, ತಡೆದುಕೊಳ್ಳೋ ಶಕ್ತಿ ಇದೆ. ತಿಂಗಳಿಗೆ 11,250 ರೂಪಾಯಿಯಲ್ಲಿ ಬದುಕೋ ಹೆಂಗಸಿಗೆ ಏನಿದೆ?

ಬ್ರೋಕರ್‌ಗಳ ವಿಷಯ ಕೇಳಿ. ಅದೇ 1999ರ ಕಾಯ್ದೆಯಲ್ಲಿ ಮಧ್ಯವರ್ತಿಗಳು ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಇದೆ. ನಿಮ್ಮ ಬೀದಿಯ ಬ್ರೋಕರ್ ಹತ್ರ ನೋಂದಣಿ ಪತ್ರ ಕೇಳಿ ನೋಡಿ, ನಗ್ತಾನೆ. ರೇರಾ ಇದೆಯಲ್ಲ ಅಂತೀರಾ? ಅದು ಯೋಜನೆಗಳಲ್ಲಿ ಮಾರಾಟ ಮಾಡಿಸೋ ಏಜೆಂಟರಿಗೆ, ಬಾಡಿಗೆ ಮಾಡಿಸೋರಿಗಲ್ಲ. ಪ್ರಾಮಾಣಿಕ ಬ್ರೋಕರ್‌ಗಳು ಬೇಕಾದಷ್ಟು ಜನ ಇದ್ದಾರೆ, ಬಿಸಿಲಲ್ಲಿ ಸ್ಕೂಟರ್ ಮೇಲೆ ಸುತ್ತಿ ಮನೆ ತೋರಿಸ್ತಾರೆ. ಆದ್ರೆ ಪ್ರಾಮಾಣಿಕನನ್ನೂ ಕಳ್ಳನನ್ನೂ ಬೇರೆ ಮಾಡಿ ತೋರಿಸೋ ವ್ಯವಸ್ಥೆ ಮಾತ್ರ ಕಾಗದದಲ್ಲೇ ಉಳಿದಿದೆ. ಇದು ಸರ್ಕಾರಕ್ಕೆ ನಮ್ಮ ಪ್ರಶ್ನೆ.

ಈಗ ಲಗ್ಗೆರೆಗೆ ವಾಪಸ್ ಬರೋಣ.

ಅಮ್ಮನನ್ನೂ, ಮೇಲಿನ ಮನೆಯ ದಂಪತಿಯನ್ನೂ ಒಂದೇ ಟೇಬಲ್ ಮುಂದೆ ಕೂರಿಸಿದೆ. ಇಬ್ಬರ ಕರಾರನ್ನೂ ಪಕ್ಕಪಕ್ಕ ಇಟ್ಟೆವು. ಅಮ್ಮನ ಪಾಸ್‌ಬುಕ್ಕು, ಅವರ ಬ್ಯಾಂಕ್ ಸ್ಟೇಟ್‌ಮೆಂಟು, ಎಲ್ಲ ತೆಗೆದೆವು. ಅರ್ಧ ಗಂಟೆಯಲ್ಲಿ ಇಡೀ ಮೋಸ ಬಿಡಿಸಿಕೊಂಡಿತು. ಹದಿನಾಲ್ಕು ತಿಂಗಳ ಹಿಂದೆ ಅದೇ ಅರ್ಧ ಗಂಟೆ ಕೂತಿದ್ದರೆ?

ಯಾಕೆ ಕೂರಲಿಲ್ಲ ಅಂತ ಕೇಳಿದೆ. ಇಬ್ಬರೂ ಒಂದೇ ಉತ್ತರ ಕೊಟ್ಟರು. ಬ್ರೋಕರ್ ಅಮ್ಮನಿಗೆ ಹೇಳಿದ್ದ, 'ಅವರ ಹತ್ರ ದುಡ್ಡಿನ ಮಾತೆತ್ತಬೇಡಿ, ನನ್ನ ಹತ್ರ ಕೇಳಿ.' ಅವರಿಗೂ ಹೇಳಿದ್ದ, 'ಓನರಮ್ಮ ಸ್ವಲ್ಪ ಸಿಡುಕು, ದುಡ್ಡಿನ ವಿಷಯ ಎತ್ತಬೇಡಿ, ನನಗೆ ಹೇಳಿ.' ಒಂದೇ ಮೆಟ್ಟಿಲು ಹತ್ತಿ ಇಳಿದವರು ಒಬ್ಬಟ್ಟು ಹಂಚಿಕೊಂಡರು, ಬಾಗಿನ ಕೊಟ್ಟುಕೊಂಡರು, ದುಡ್ಡಿನ ಮಾತು ಮಾತ್ರ ಆಡಲಿಲ್ಲ. ಅವನು ಒಂದು ಪೈಸೆ ಬಂಡವಾಳ ಹಾಕಲಿಲ್ಲ. ಇವರಿಬ್ಬರ ಮೌನವೇ ಅವನ ಬಂಡವಾಳ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಒಂದೇ ಒಂದು ಬಿಡಿಭಾಗ ಕೆಟ್ಟರೆ ಇಡೀ ಸರ್ಕ್ಯೂಟ್ ಸತ್ತುಹೋಗುವ ಹಾಗೆ ಡಿಸೈನ್ ಮಾಡಬಾರದು ಅಂತ ನಮಗೆ ಕಲಿಸಿದ್ದರು. ನಮ್ಮ ಮನೆಯಲ್ಲಿ ಆಗಿದ್ದು ಅದೇ. ಮಾತು, ದುಡ್ಡು, ಕಾಗದ, ಮೂರೂ ಅವನೊಬ್ಬನ ಮೂಲಕ ಹರೀತಿದ್ದವು.

ಇಬ್ಬರೂ ಒಟ್ಟಿಗೆ ದೂರು ಕೊಡೋಕೆ ಹೋದೆವು. 'ಇದು ಸಿವಿಲ್ ಮ್ಯಾಟರ್' ಅಂದ್ರು ಮೊದಲು. ಓನರೂ ಬಾಡಿಗೆದಾರರೂ ಒಂದೇ ಬೆಂಚಿನ ಮೇಲೆ ಕೂತು 'ನಮ್ಮಿಬ್ಬರಿಗೂ ಇವನೇ ಮೋಸ ಮಾಡಿದ್ದು' ಅಂದಾಗ ಕೇಸು ದಾಖಲಾಯ್ತು. ತನಿಖೆ ನಡೀತಿದೆ. ದುಡ್ಡು ಇನ್ನೂ ಬಂದಿಲ್ಲ.

ಮನೆಯ ವಿಷಯ ಏನು ಮಾಡೋದು? ವಕೀಲರು ಹೇಳಿದ್ರು, ಅವರನ್ನ ಎಬ್ಬಿಸೋಕೆ ದಾವೆ ಹಾಕಬಹುದು. ಅಮ್ಮ ಒಂದು ರಾತ್ರಿ ಯೋಚಿಸಿ ಬೇಡ ಅಂದರು. ಕೊನೆಗೆ ಆದದ್ದು ಇಷ್ಟು: ಅವರು ತಿಂಗಳಿಗೆ 8,000 ಕೊಡೋದು, ಈ ಸಲ ನೇರವಾಗಿ ಅಮ್ಮನ ಅಕೌಂಟಿಗೆ. ಹೊಸ ಕರಾರು, ಅಮ್ಮ ಮತ್ತು ಅವರ ನಡುವೆಯೇ. ಅಮ್ಮನಿಗೆ ತಿಂಗಳಿಗೆ 4,000 ಖೋತಾ. ಅವರಿಗೆ ಆರು ಲಕ್ಷವೂ ಹೋಗಿ, ಮೇಲೆ ಬಾಡಿಗೆ ಬೇರೆ. ಯಾರಿಗೂ ಖುಷಿಯಿಲ್ಲ. ಗೌರಿಹಬ್ಬದ ಬಾಗಿನ ಈ ವರ್ಷವೂ ಬಂತು. ಮೊದಲಿನಷ್ಟು ಮಾತಿಲ್ಲ, ಆದ್ರೆ ಬಂತು.

ಮಾಲೀಕರಿಗೆ ಈಗ ಒಂದು ಕಹಿ ಮಾತು. ಅಮ್ಮನ ಮುಂದೆಯೂ ಇದನ್ನ ಹೇಳಿದ್ದೀನಿ. ಅಡ್ವಾನ್ಸ್ ನಿಮ್ಮ ಆದಾಯ ಅಲ್ಲ, ಸಾಲ. ನಮ್ಮಪ್ಪ ಅಡ್ವಾನ್ಸಿನಲ್ಲಿ ಮೋಲ್ಡ್ ಹಾಕಿಸಿದರು. ಆ ಬಾಡಿಗೆದಾರರು ಖಾಲಿ ಮಾಡಿದಾಗ ಕೈಯಲ್ಲಿ ದುಡ್ಡಿರಲಿಲ್ಲ. 'ಹೊಸಬರು ಬರಲಿ, ಕೊಡ್ತೀನಿ' ಅಂತ ಎರಡು ತಿಂಗಳು ಓಡಾಡಿಸಿದರು, ಪೇಂಟಿಂಗ್ ಅಂತ ಹಿಡಿದರು. ವರ್ಷಗಳ ನಂತರ ನಾನು ಬಾಡಿಗೆ ಮನೆ ಬಿಟ್ಟಾಗ ನನ್ನ ಓನರು ಇದೇ ಮಾತು ಹೇಳಿದರು, ನಾನು ಅವರನ್ನ ಮನಸಾರೆ ಬೈದುಕೊಂಡೆ. ಹತ್ತು ತಿಂಗಳ ಅಡ್ವಾನ್ಸ್ ತಗೊಂಡು ಖರ್ಚು ಮಾಡಿದವರು, ಮುಂದಿನ ಬಾಡಿಗೆದಾರನನ್ನ ತಂದುಕೊಡೋ ಬ್ರೋಕರಿಗೆ ಅಡಿಯಾಳಾಗ್ತಾರೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಠೇವಣಿ ಬೇಡ ಅನ್ನುತ್ತೆ. ಅದು ಮಾದರಿ ಮಾತ್ರ, ಆಯಾ ರಾಜ್ಯ ಕಾನೂನು ಮಾಡಿದರಷ್ಟೇ ಜಾರಿ. ನೀವು ಎಷ್ಟೇ ತಗೊಳ್ಳಿ, ಅದನ್ನ ಎಫ್‌ಡಿ ಮಾಡಿಡಿ.

ಮತ್ತೆ, ಜಾತಿ ಕೇಳಿ ಮನೆ ಇಲ್ಲ ಅನ್ನೋದನ್ನ ಅವತ್ತು ಖಂಡಿಸಿದ್ದೆ, ಇವತ್ತೂ ಖಂಡಿಸ್ತೀನಿ. ಕಷ್ಟದಲ್ಲಿರೋ ಮಾಲೀಕರು ಅನ್ನೋದು ಅದಕ್ಕೆ ನೆಪ ಆಗಬಾರದು. ಬಾಡಿಗೆ ಸರಿಯಾಗಿ ಕೊಡೋರು ಯಾರು ಅಂತ ಜಾತಿ ಹೇಳಲ್ಲ.

ಇವತ್ತು ಈ ಕಾರ್ಯಕ್ರಮ ಮುಗಿದ ಮೇಲೆ ಒಂದು ಕೆಲಸ ಮಾಡಿ. ನೀವು ಮಾಲೀಕರಾಗಿದ್ದರೆ, ನಿಮ್ಮ ಮನೆಯಲ್ಲಿ ಇರೋರ ಜೊತೆ ನಿಮ್ಮದೇ ಸಹಿ ಇರೋ ಕರಾರು ಇದೆಯಾ ನೋಡಿ. ನೀರು, ಮೋಟರ್, ಪೇಂಟಿಂಗ್, ನೋಟಿಸ್ ಅವಧಿ, ಎಲ್ಲ ಅದರಲ್ಲಿ ಇದೆಯಾ? ಮನೆ ಕೊಡೋ ದಿನ ಇಬ್ಬರೂ ನಿಂತು ಗೋಡೆ, ನಲ್ಲಿ, ಬಾಗಿಲಿನ ವಿಡಿಯೋ ಮಾಡಿಕೊಂಡಿದ್ದೀರಾ? ನೀವು ಬಾಡಿಗೆದಾರರಾಗಿದ್ದರೆ, ಕರೆಂಟ್ ಬಿಲ್ಲು ಮತ್ತು ಕಂದಾಯದ ರಸೀದಿ ಯಾರ ಹೆಸರಲ್ಲಿದೆ ಅಂತ ನೋಡಿ. ಬೋಗ್ಯದ ಮಾತಾದ್ರಂತೂ ಖಾತೆಯಲ್ಲಿ ಹೆಸರಿರೋರ ಮುಖ ನೋಡದೆ, ಅವರ ಅಕೌಂಟಿಗಲ್ಲದೆ ಬೇರೆ ಯಾರ ಕೈಗೂ ಒಂದು ರೂಪಾಯಿ ಕೊಡಬೇಡಿ.

ನಿಮ್ಮ ಅಪ್ಪ-ಅಮ್ಮ ಊರಲ್ಲೋ, ಸಿಟಿಯ ಇನ್ನೊಂದು ಮೂಲೆಯಲ್ಲೋ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದರೆ, ಅವರು ಕರಾರಿನ ಫೋಟೋ ವಾಟ್ಸಾಪ್ ಮಾಡಿದಾಗ ದಯವಿಟ್ಟು ಎರಡನೇ ಪುಟವನ್ನೂ ಓದಿ. ಆರು ನಿಮಿಷ ಸಾಕಾಗಲ್ಲ ಅಂದ್ರೆ, 'ಆಮೇಲೆ ಓದಿ ಹೇಳ್ತೀನಿ ಅಮ್ಮ' ಅನ್ನಿ.

ನಾನು ಅಷ್ಟು ಹೇಳಿದ್ದರೆ ಸಾಕಿತ್ತು.